ಕೋಟಿ ಪೌಂಡಿನ ಹಳೇ ಬೆಂಟ್ಲಿ ಮತ್ತು ತಡವಾಗಿ ಬಂದ ಅನುಮಾನ

1990ರ ಏಪ್ರಿಲ್ 7. ಇಂಗ್ಲೆಂಡಿನಲ್ಲಿ ಒಂದು ಹಳೇ ಕಾರಿನ ವ್ಯಾಪಾರ ಕುದುರಿತು. ಮಾರುವವರು ಎಡ್ವರ್ಡ್ ಹಬ್ಬರ್ಡ್. ಕೊಳ್ಳುವವರು ಮಿಡಲ್‌ಬ್ರಿಡ್ಜ್ ಸಿಮಿಟಾರ್ ಎಂಬ ಕಂಪನಿ. ಕಾರು ಬೆಂಟ್ಲಿ. ಬೆಲೆ ಎಷ್ಟು ಗೊತ್ತಾ? 1 ಕೋಟಿ ಪೌಂಡ್!

ಮಾತುಕತೆ ಮುಗಿಯಿತು, ಒಪ್ಪಂದವೂ ಆಯಿತು. ಆಮೇಲೆ ಕೊಳ್ಳುವವರಿಗೆ ಅನುಮಾನ ಶುರುವಾಯಿತು. ನೀವು ಮಾರುತ್ತಿರುವುದು ನಿಜಕ್ಕೂ ಆ ಕಾರೇನಾ ಅಂತ ಕೇಳಿದರು. ದುಡ್ಡು ಕೊಡಲ್ಲ ಅಂದರು. ಹಬ್ಬರ್ಡ್ ಕೋರ್ಟಿಗೆ ಹೋದರು. ಲಂಡನ್ನಿನ ಹೈಕೋರ್ಟಿನಲ್ಲಿ ಒಂದು ಕಾರಿನ ಇಡೀ ಜಾತಕ ಬಿಚ್ಚಿಕೊಂಡಿತು.

ಆ ಕಾರಿನ ಹೆಸರು ಓಲ್ಡ್ ನಂಬರ್ ಒನ್. ಬೆಂಟ್ಲಿ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲೆ ಮಾನ್‌ನಲ್ಲಿ ನಡೆಯುವ 24 ಗಂಟೆಗಳ ರೇಸನ್ನು 1929ರಲ್ಲಿ ಗೆದ್ದಿತ್ತು. 1930ರಲ್ಲಿ ಮತ್ತೆ ಗೆದ್ದಿತು. ಎರಡೂ ಸಲ ಸ್ಟೀರಿಂಗ್ ಹಿಡಿದವರಲ್ಲಿ ಒಬ್ಬರು ವುಲ್ಫ್ ಬಾರ್ನಾಟೊ. ದಕ್ಷಿಣ ಆಫ್ರಿಕಾದ ವಜ್ರದ ಸಂಪತ್ತಿನ ವಾರಸುದಾರ, ಬೆಂಟ್ಲಿ ಕಂಪನಿಯ ಅಧ್ಯಕ್ಷ ಕೂಡ. ಮೊದಲ ವರ್ಷ ಜೊತೆಗಿದ್ದವರು ಟಿಮ್ ಬರ್ಕಿನ್, ಎರಡನೇ ವರ್ಷ ಗ್ಲೆನ್ ಕಿಡ್‌ಸ್ಟನ್.

ಕಥೆ ಇಲ್ಲಿಗೇ ನಿಂತಿದ್ದರೆ ಕೋರ್ಟಿಗೆ ಕೆಲಸವೇ ಇರುತ್ತಿರಲಿಲ್ಲ. ಆದರೆ ರೇಸ್ ಕಾರು ಅಂದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ಕೂರುವ ವಸ್ತು ಅಲ್ಲ. ಪ್ರತಿ ಸೀಸನ್‌ಗೂ ಬಿಚ್ಚುತ್ತಾರೆ, ಸವೆದಿದ್ದನ್ನು ಬಿಸಾಕುತ್ತಾರೆ, ಹೊಸದು ಹಾಕುತ್ತಾರೆ. ಈ ಬೆಂಟ್ಲಿಗೂ ಹಾಗೇ ಆಯಿತು. 1932ರ ಹೊತ್ತಿಗೆ ಅದರೊಳಗೆ 8 ಲೀಟರಿನ ದೊಡ್ಡ ಎಂಜಿನ್ ಕೂತಿತ್ತು. ಆ ವರ್ಷ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸಿನಲ್ಲಿ ಕಾರು ಇಳಿಜಾರಿನ ಟ್ರ್ಯಾಕಿನ ಮೇಲಂಚು ದಾಟಿ ಆಚೆ ಹಾರಿತು. ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಸತ್ತರು. ನಜ್ಜುಗುಜ್ಜಾದ ಕಾರನ್ನು ಮತ್ತೆ ಕಟ್ಟಿದರು. ಈ ಸಲ ಅದಕ್ಕೆ ಸಿಕ್ಕಿದ್ದು ರಸ್ತೆಯಲ್ಲಿ ಓಡುವ ಕೂಪೆ ಬಾಡಿ.

ಈಗ ಹೇಳಿ. ಎಂಜಿನ್ ಬೇರೆ. ಬಾಡಿ ಬೇರೆ. 1929ರಲ್ಲಿ ಗೆದ್ದ ಕಾರಿನದೇ ಅಂತ ಖಚಿತವಾಗಿ ಬೆರಳಿಟ್ಟು ತೋರಿಸಬಹುದಾದ ಭಾಗ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾದರೆ 1990ರಲ್ಲಿ ಮಾರಾಟಕ್ಕೆ ನಿಂತಿದ್ದು ಯಾವ ಕಾರು?

ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಬಿಡಿಭಾಗಗಳ ಲೆಕ್ಕದಲ್ಲಿ ಇದು ಮೂಲ ಕಾರಲ್ಲ, ನಿಜ. ಆದರೆ ಬದಲಾವಣೆಗಳು ಒಂದರ ಹಿಂದೊಂದು ನಡೆಯುತ್ತಾ ಹೋದವೇ ಹೊರತು ಕಾರಿನ ಗುರುತು ಎಲ್ಲೂ ತುಂಡಾಗಲಿಲ್ಲ. ಓಲ್ಡ್ ನಂಬರ್ ಒನ್ ಅನ್ನಿಸಿಕೊಳ್ಳುವ ಹಕ್ಕು ಜಗತ್ತಿನ ಬೇರಾವ ಬೆಂಟ್ಲಿಗೂ ಇಲ್ಲ. ಮಾರಾಟಕ್ಕಿಟ್ಟಿದ್ದು ಬರೀ ಲೋಹವನ್ನಲ್ಲ, ಅದರ ಇತಿಹಾಸವನ್ನೂ ಕೀರ್ತಿಯನ್ನೂ ಸೇರಿಸಿ. ಇದು ತೀರ್ಪಿನ ತಿರುಳು. ಹಬ್ಬರ್ಡ್ ಗೆದ್ದರು. ಕೊಳ್ಳುವವರು ಸೋತರು.

ತೀರ್ಪು ಸರಿಯೋ ತಪ್ಪೋ ಅಂತ ಕಾರುಪ್ರಿಯರು ವಾದ ಮಾಡಿಕೊಳ್ಳಲಿ. ನನ್ನ ಪ್ರಶ್ನೆ ಬೇರೆ. ಕೋಟಿ ಪೌಂಡಿನ ಮಾಲು. ಅದರ ಬಗ್ಗೆ ಇಷ್ಟೆಲ್ಲ ಪ್ರಶ್ನೆ ಎದ್ದಿದ್ದು ಒಪ್ಪಂದ ಆದ ಮೇಲೆ! ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಾ?

ಆ ಕಾಲವೂ ಹಾಗಿತ್ತು ಬಿಡಿ. 1988ರ ಆಗಸ್ಟಿನಲ್ಲಿ ಎಂಜೊ ಫೆರಾರಿ ತೀರಿಕೊಂಡರು. ಫೆರಾರಿ ಕಾರುಗಳ ಬೆಲೆ ರಾಕೆಟ್ ಥರ ಮೇಲೇರಿತು. ಕಾರು ಓಡಿಸುವ ಆಸೆ ಇಲ್ಲದವರೂ ಷೇರು ಕೊಂಡ ಹಾಗೆ ಕಾರು ಕೊಂಡರು. ಇನ್ನೆರಡು ವರ್ಷಕ್ಕೆ ಆ ಗುಳ್ಳೆ ಒಡೆಯಿತು. ಬೆಲೆ ಓಡುವಾಗ ಬಾನೆಟ್ ಎತ್ತಿ ನೋಡುವ ತಾಳ್ಮೆ ಯಾರಿಗಿರುತ್ತೆ?

ಇದರ ಹಿಂದೆ ಒಂದು ಅರ್ಥಶಾಸ್ತ್ರವೂ ಇದೆ. 1970ರಲ್ಲಿ ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆ ಮಾಡಿಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಒಳ್ಳೇ ಕಾರಿನ ಮಾಲೀಕ ಬೇಸತ್ತು ಮಾರುಕಟ್ಟೆಯಿಂದ ಆಚೆ ಹೋಗುತ್ತಾನೆ. ಉಳಿಯೋದು ಡಬ್ಬಾ ಕಾರುಗಳೇ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದನಗಳ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವುದು, ಸುಳಿ ನೋಡುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು ಯಾಕೆ? ಮಾರುವವನಿಗೆ ಗೊತ್ತಿರುವುದು ತನಗೂ ಗೊತ್ತಾಗಲಿ ಅಂತ ತಾನೆ?

ಫೆರಾರಿ, ಪೋರ್ಷೆ, ಲ್ಯಾಂಬೋರ್ಗಿನಿಯ ಹಲ್ಲು ನೋಡುವ ಕೆಲಸಕ್ಕೆ ಈಗ ಪಿಪಿಐ ಅಂತಾರೆ. ಅಂದರೆ ಖರೀದಿಗೂ ಮುಂಚಿನ ತಪಾಸಣೆ. ಎಂಜಿನಿಯರಿಂಗ್ ಓದಿದವನಾಗಿ ಒಂದು ಪರೀಕ್ಷೆ ವಿವರಿಸುತ್ತೇನೆ. ಹೆಸರು ಲೀಕ್‌ಡೌನ್ ಟೆಸ್ಟ್. ಎರಡೂ ವಾಲ್ವ್ ಮುಚ್ಚಿರುವಾಗ ಸಿಲಿಂಡರಿನೊಳಗೆ ಗಾಳಿ ತುಂಬುತ್ತಾರೆ. ಎಷ್ಟು ಸೋರುತ್ತೆ, ಎಲ್ಲಿಂದ ಸೋರುತ್ತೆ ನೋಡುತ್ತಾರೆ. ಸೈಲೆನ್ಸರಿನಲ್ಲಿ ಬುಸ್ ಅಂದರೆ ಎಕ್ಸಾಸ್ಟ್ ವಾಲ್ವ್ ಸರಿಯಿಲ್ಲ. ಆಯಿಲ್ ಹಾಕುವ ಬಾಯಲ್ಲಿ ಗಾಳಿ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ರೇಡಿಯೇಟರ್ ನೀರಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಬಾಡಿ ಮೇಲೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟರೆ ಟಿಂಕರಿಂಗ್, ಪುಟ್ಟಿ ಎಲ್ಲ ಬಯಲಾಗುತ್ತೆ. ಫೆರಾರಿ ಎಫ್355 ಥರದ ಕಾರಿಗೆ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಆ ಕೆಲಸ ಕೊನೆಗೆ ಯಾವಾಗ ಆಯಿತು ಅನ್ನುವ ಒಂದು ಬಿಲ್ಲು ಲಕ್ಷಗಳ ಲೆಕ್ಕವನ್ನೇ ಬದಲಾಯಿಸುತ್ತೆ.

ಇದು ಲೋಹದ ಪರೀಕ್ಷೆ. ಇತಿಹಾಸದ ಪರೀಕ್ಷೆ ಇದರಷ್ಟೇ ಮುಖ್ಯ. ಎಂಜಿನ್ ನಂಬರ್, ಚಾಸಿ ನಂಬರ್ ಕಾರ್ಖಾನೆಯ ದಾಖಲೆಗೆ ಹೊಂದುತ್ತಾ? ಸರ್ವಿಸ್ ಬಿಲ್ಲುಗಳಲ್ಲಿರುವ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿದೆಯಾ, ಅಥವಾ ಮಧ್ಯದಲ್ಲಿ ಎಲ್ಲಾದರೂ ಇಳಿದಿದೆಯಾ? ಇನ್ನು ನಮ್ಮ ದೇಶದಲ್ಲಿ ಸಾಲ ತೀರಿದೆಯಾ, ಎನ್‌ಒಸಿ ಇದೆಯಾ, ತೆರಿಗೆ ಕಟ್ಟಿದ್ದಾರಾ ಅನ್ನುವುದೂ ಇದಕ್ಕೇ ಸೇರುತ್ತೆ. ಹೊರರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡ ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹಿಡಿದು ನಿಲ್ಲಿಸಿದ ದೃಶ್ಯ ನೀವೂ ಟಿವಿಯಲ್ಲಿ ನೋಡಿದ್ದೀರಿ.

ಹಾಗಾದರೆ ತಪಾಸಣೆಯನ್ನು ಏರ್ಪಾಡು ಮಾಡೋದು ಹೇಗೆ? ಮೊದಲನೆಯದು, ಮೆಕ್ಯಾನಿಕ್ ನಿಮ್ಮವನಾಗಿರಬೇಕು. ಮಾರುವವನ ಕಾರು ರಿಪೇರಿ ಮಾಡುವವನು, ಕಮಿಷನ್ ತಗೊಳ್ಳುವ ಬ್ರೋಕರ್ ಹೇಳಿದವನು ಬೇಡ. ಫೀಸು ನೀವೇ ಕೊಡಿ. ಆಗ ಅವನು ನಿಮಗೆ ಮಾತ್ರ ಉತ್ತರ ಹೇಳಬೇಕಾಗುತ್ತೆ. ಎರಡನೆಯದು, ಆ ಮಾಡೆಲ್ ಬಿಚ್ಚಿ ಜೋಡಿಸಿ ಗೊತ್ತಿರುವವನೇ ಬೇಕು. ಮೂರನೆಯದು, ಅವನು ಬರುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ. ಬೆಳಗ್ಗೆ ತಣ್ಣಗಿರುವ ಎಂಜಿನ್ ಮುಚ್ಚುಮರೆ ಮಾಡಲ್ಲ. ನಾಲ್ಕನೆಯದು, ಅಡ್ವಾನ್ಸ್ ಕೊಡಲೇಬೇಕಾದರೆ ತಪಾಸಣೆ ಸರಿಯಾಗಿ ಬರದಿದ್ದರೆ ವಾಪಸ್ ಅಂತ ಬರವಣಿಗೆಯಲ್ಲಿ ಇರಲಿ.

ತಪಾಸಣೆಗೆ ಒಪ್ಪದ ಮಾಲೀಕ ಸಿಕ್ಕರೆ? ಕೈಮುಗಿದು ಎದ್ದು ಬನ್ನಿ. ಕಾರು ಇನ್ನೊಂದು ಸಿಗುತ್ತೆ. ಸಹಿ ಹಾಕಿದ ಮೇಲೆ ಕೋರ್ಟಿಗೆ ಹೋದರೆ ನೀವು ಕೊಂಡಿದ್ದೇನು ಅಂತ ನ್ಯಾಯಾಧೀಶರು ಹೇಳಬಲ್ಲರು, ಅಷ್ಟೆ. ಕೊಳ್ಳಬೇಕಾ ಬೇಡವಾ ಅನ್ನುವ ನಿರ್ಧಾರ ಅಷ್ಟೊತ್ತಿಗೆ ನಿಮ್ಮ ಕೈ ದಾಟಿರುತ್ತೆ.