ಬುತ್ತಿಯ ಡಬ್ಬಿ

ನಮ್ಮ ಮನೆಯ ಅಟ್ಟದ ಮೇಲೆ ಹಳೆಯದೊಂದು ಅಲ್ಯುಮಿನಿಯಂ ಡಬ್ಬಿ ಇದೆ. ಮುಚ್ಚಳ ಸೊಟ್ಟಗಾಗಿದೆ, ಒಂದು ಬದಿಯ ಕೊಂಡಿ ಎಂದೋ ಕಳಚಿಹೋಗಿದೆ. ಮೊನ್ನೆ ಅಟ್ಟ ಗುಡಿಸುವಾಗ ಸಿಕ್ಕಿದ ಅದನ್ನು ಮೊಮ್ಮಗಳು ಅಲ್ಲಾಡಿಸಿ, "ಇದರಲ್ಲಿ ಎಂತ ಇತ್ತು ಅಮ್ಮಮ್ಮ?" ಎಂದು ಕೇಳಿದಳು. ದೋಸೆ ಇತ್ತು ಎಂದೆ. ಅಷ್ಟೇ ಇತ್ತು ಎಂದರೆ ಸುಳ್ಳಾಗುತ್ತದೆ.

ನಾನು ಶಾಲೆಗೆ ಹೋದದ್ದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ, 1970ರ ಆಚೀಚೆಗೆ. ಮನೆಯಿಂದ ಶಾಲೆಗೆ ಎರಡು ಮೈಲು. ಮಳೆಗಾಲದಲ್ಲಿ ಕಂಬಳಿಕೊಪ್ಪೆಯೊಳಗೆ ಪಾಟಿಚೀಲವನ್ನೂ ಡಬ್ಬಿಯನ್ನೂ ಅವುಚಿಕೊಂಡು ಸಂಕ ದಾಟಬೇಕು. ಮಧ್ಯಾಹ್ನ ಮನೆಗೆ ಬಂದು ಉಂಡು ಹೋಗುವುದು ಸಾಧ್ಯವಿರಲಿಲ್ಲ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಮಾಡಿದ್ದು ಒಂದು ಗಂಟೆಯ ಹೊತ್ತಿಗೂ ತಿನ್ನುವಂತಿರಬೇಕು. ನಮ್ಮ ಕಡೆಯ ಹೆಂಗಸರು ಪುಸ್ತಕ ಓದದೆ ಕಲಿತ ವಿದ್ಯೆ ಇದು.

ಬರಿ ಅಕ್ಕಿಯ ತೆಳ್ಳೇವು ಬಿಸಿಯಲ್ಲಿ ಚೆಂದ, ಮಧ್ಯಾಹ್ನಕ್ಕೆ ಹಪ್ಪಳದಂತೆ ಬಿರುಸು. ಅದಕ್ಕೇ ಆಯಿ ಹಿಟ್ಟಿಗೆ ಮೊಗೆಕಾಯಿ ತುರಿದು ಹಾಕುತ್ತಿದ್ದಳು. ಕಾಯಿಯ ನೀರಿನಂಶದಿಂದ ದೋಸೆ ಸಂಜೆಯವರೆಗೂ ಮೆತ್ತಗಿರುತ್ತಿತ್ತು. ತುಪ್ಪ, ಜೋನಿಬೆಲ್ಲ ಸವರಿ ಸುರುಳಿ ಸುತ್ತಿ, ಬಾಡಿಸಿದ ಬಾಳೆ ಎಲೆಯಲ್ಲಿ ಮಡಚಿ ಡಬ್ಬಿಗೆ ಹಾಕುವಳು. ಮೊಸರನ್ನ ಕಟ್ಟಿದರೆ ಹುಳಿಯಾಗುತ್ತದೆಂದು ಅನ್ನಕ್ಕೆ ಹಾಲು ಹಾಕಿ, ಒಂದೇ ಚಮಚ ಮೊಸರು ಬೆರೆಸುವಳು. ಊಟದ ಹೊತ್ತಿಗೆ ಅದು ತಾನಾಗಿ ಹದಕ್ಕೆ ಬರುತ್ತಿತ್ತು. ಮೂಲೆಯಲ್ಲಿ ಒಂದು ಅಪ್ಪೆಮಿಡಿ. ದಿನವೂ ಉಣ್ಣುತ್ತಿದ್ದ ಒಂದೆಲಗದ ತಂಬುಳಿ ಮಾತ್ರ ಡಬ್ಬಿಗೆ ಒಗ್ಗದು, ಪಾಟಿಚೀಲವೆಲ್ಲ ತಂಬುಳಿಯಾಗುತ್ತದೆ. ಅದು ರಾತ್ರಿಯ ಊಟಕ್ಕೆ.

ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಹತ್ತಿರ ಡಬ್ಬಿ ಇರಲಿಲ್ಲ. ಅವಳ ತಾಯಿ ಸುಗ್ಗಿಯಲ್ಲಿ ನಮ್ಮ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದವಳು. ಆಗ ಅಮೆರಿಕದ 'ಕೇರ್' ಸಂಸ್ಥೆಯ ನೆರವಿನಿಂದ ಅನೇಕ ಶಾಲೆಗಳಿಗೆ ಹಾಲಿನ ಪುಡಿ, ಉಪ್ಪಿಟ್ಟಿನ ರವೆ ಬರುತ್ತಿತ್ತು. ಕೇರ್ ಉಪ್ಪಿಟ್ಟು ಎಂದರೆ ನನ್ನ ವಯಸ್ಸಿನವರಿಗೆ ಇನ್ನೂ ಮೂಗಿಗೆ ವಾಸನೆ ಬರುತ್ತದೆ. ಉಪ್ಪಿಟ್ಟು ಬೇಯಿಸಿದ ದಿನ ಅವಳ ಮುಖ ಅರಳುತ್ತಿತ್ತು. ರವೆ ಬಾರದ ದಿನ ಊಟದ ಗಂಟೆಯಾದಕೂಡಲೇ ಅವಳು ಬಾವಿಕಟ್ಟೆಯ ಕಡೆ ಹೋಗಿಬಿಡುವಳು. ಆಟಕ್ಕೆ ಹೋಗುತ್ತಾಳೆಂದು ಬಹಳ ದಿನ ನಾನು ತಿಳಿದಿದ್ದೆ.

ಒಂದು ದಿನ ನನ್ನ ದೋಸೆಯಲ್ಲಿ ಅರ್ಧ ಕೊಟ್ಟೆ. ಮರುದಿನ ಅವಳು ಲಂಗದ ತುದಿಯಲ್ಲಿ ಕಟ್ಟಿಕೊಂಡು ಬಂದ ಸುಟ್ಟ ಗೆಣಸನ್ನು ಮುರಿದು, ದೊಡ್ಡ ತುಂಡನ್ನೇ ನನ್ನತ್ತ ಚಾಚಿದಳು. ಕೊಡಬಹುದು, ಅವರ ಮನೆಯದನ್ನು ತೆಗೆದುಕೊಳ್ಳಬಾರದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ನನಗೆ ಗೊತ್ತಿತ್ತು. "ಹಸಿವಿಲ್ಲ" ಎಂದೆ. ಆ ಮೇಲೆ ಅವಳು ನನ್ನ ದೋಸೆಯನ್ನೂ ಮುಟ್ಟಲಿಲ್ಲ. ಆ ಸಂಜೆ ನನ್ನ ಡಬ್ಬಿಯೂ ತುಂಬಿದ್ದಂತೆಯೇ ಮನೆಗೆ ಬಂತು. "ಎಂತದೇ ಕೂಸೆ, ಹಸಿವಾಗಲ್ಯ?" ಎಂದು ಆಯಿ ಕೇಳಿದರೆ ಉತ್ತರ ಹೊಳೆಯಲಿಲ್ಲ. ನಾಲ್ಕನೆಯ ತರಗತಿಯ ನಂತರ ಅವಳು ಶಾಲೆಗೆ ಬರಲಿಲ್ಲ.

ನನ್ನ ಮಗಳು ಶಿರಸಿಯಲ್ಲಿ ಶಾಲೆಗೆ ಸೇರಿದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಸ್ಟೀಲಿನ ಡಬ್ಬಿ, ಅಂಗಡಿಯ ಬಿಸ್ಕೀಟು ಎಲ್ಲ ಬಂದಿದ್ದವು. ಆಯಿಯ ವಿದ್ಯೆಯನ್ನೆಲ್ಲ ನಾನು ಖರ್ಚು ಮಾಡಿದರೂ ಡಬ್ಬಿ ಅರ್ಧ ತುಂಬಿಯೇ ವಾಪಸಾಗುತ್ತಿತ್ತು. ಬೈದೆ, ಪ್ರಯೋಜನವಾಗಲಿಲ್ಲ. ಕಡೆಗೆ ಕೂರಿಸಿಕೊಂಡು ಕೇಳಿದರೆ ಕಾರಣ ಸಣ್ಣದು: ಡಬ್ಬಿಯ ಮುಚ್ಚಳ ಅವಳಿಗೆ ತೆಗೆಯಲು ಬರುತ್ತಿರಲಿಲ್ಲ; ತೆಗೆದರೂ ದೊಡ್ಡ ದೋಸೆ ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಿತ್ತು. ಅಂದಿನಿಂದ ಅಂಗೈಯಗಲದ ದೋಸೆ, ಬಾಯಿಗೊಂದರಂತೆ ಉಂಡೆ ಮಾಡಿದ ಅನ್ನ, ಹೆಸರುಕಾಳಿನ ಪಲ್ಯ, ಮೇಲೆ ನಾಲ್ಕು ಹನಿ ಲಿಂಬೆಹಣ್ಣು. ಕಾಳು ಸೊಪ್ಪುಗಳಲ್ಲಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕೆಂದು ನಾನು ತಿಳಿದದ್ದು ಆ ಮೇಲೆ. ಎರಡು ಬಗೆಯಲ್ಲಿ ಯಾವುದು ಬೇಕೆಂದು ಹಿಂದಿನ ರಾತ್ರಿಯೇ ಅವಳನ್ನು ಕೇಳುತ್ತಿದ್ದೆ. ತಾನೇ ಆರಿಸಿದ್ದನ್ನು ಮಕ್ಕಳು ಬಿಟ್ಟು ಬರುವುದು ಕಡಿಮೆ.

ಡಬ್ಬಿಯಿಲ್ಲದ ಮಕ್ಕಳ ಕತೆ ಬದಲಾಗಲು ಇನ್ನೂ ಹೊತ್ತು ಹಿಡಿಯಿತು. ನೆರೆಯ ತಮಿಳುನಾಡಿನಲ್ಲಿ ಕಾಮರಾಜರ ಕಾಲದಲ್ಲೇ, 1956ರಲ್ಲಿ, ಶಾಲೆಯ ಊಟ ಆರಂಭವಾಗಿತ್ತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಯೋಜನೆ ತಂದರೂ ನಮ್ಮಲ್ಲಿ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ 3 ಕಿಲೋ ಧಾನ್ಯ. ಅದು ಮನೆಯ ಡಬ್ಬಕ್ಕೆ ಹೋಗುತ್ತಿತ್ತು, ಮಧ್ಯಾಹ್ನದ ಹಸಿವು ಶಾಲೆಯಲ್ಲೇ ಉಳಿಯುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿತು. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ನಮ್ಮ ಜಿಲ್ಲೆಗೂ ಬಂತು. ಕಿರಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಈಗಿನ ಲೆಕ್ಕ. 2013ರಿಂದ ಹಾಲು ಸೇರಿತು. ಈಚೆಗೆ ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು.

ಆಗ ನಾವು ಯಲ್ಲಾಪುರದಲ್ಲಿದ್ದೆವು. ಪರಿಚಯದ ಟೀಚರೊಬ್ಬರನ್ನು ಕಾಣಲು ಹಳ್ಳಿಯ ಶಾಲೆಗೆ ಹೋದಾಗ ಊಟದ ಹೊತ್ತು. ಜಗಲಿಯುದ್ದಕ್ಕೂ ಪಂಕ್ತಿ. ಸಿದ್ದಿಯರ ಮಕ್ಕಳು, ಗೌಳಿಗಳ ಮಕ್ಕಳು, ತೋಟದ ಮನೆಗಳ ಮಕ್ಕಳು ಒಂದೇ ಪಾತ್ರೆಯ ಸಾರಿಗೆ ತಟ್ಟೆಯೊಡ್ಡಿದ್ದರು. ಕಂಬದ ಮರೆಯಲ್ಲಿ ಒಬ್ಬಳು ಹುಡುಗಿ ಮಾತ್ರ ಮನೆಯ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಡಬ್ಬಿಯಲ್ಲಿ ಚೆಂದದ ದೋಸೆ ಇತ್ತು. ಅವಳ ಕಣ್ಣು ಪಂಕ್ತಿಯ ಮೇಲೇ ಇತ್ತು. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಈಗ ಮೊಮ್ಮಗಳ ಡಬ್ಬಿ ಕಟ್ಟುವ ಸರದಿ ನನ್ನದು. ಮೊಗೆಕಾಯಿ ತುರಿಯುವುದು ಬಿಟ್ಟಿಲ್ಲ. ಸಂಜೆ ಅವಳು ಬಂದಾಗ ಡಬ್ಬಿ ಖಾಲಿಯಾಯಿತೇ ಎಂದು ಕೇಳುವುದನ್ನು ಮಾತ್ರ ಬಿಟ್ಟಿದ್ದೇನೆ. "ಇವತ್ತು ಯಾರ ಡಬ್ಬಿಯದು ಎಂತ ತಿಂದೆ?" ಎಂದು ಕೇಳುತ್ತೇನೆ. ಅವಳು ಚಪ್ಪಲಿ ಬಿಡುತ್ತಲೇ ಹೆಸರುಗಳನ್ನು ಹೇಳತೊಡಗುತ್ತಾಳೆ.