ಮೊರದ ಮುಂದೆ ಮುಷ್ಕರ

ಕಷ್ಟ ಹೆಚ್ಚಿದಂತೆಲ್ಲ ಮುಷ್ಕರಗಳೂ ಹೆಚ್ಚುತ್ತವೆ ಎಂದು ನಾವು ನಂಬಿದ್ದೇವೆ. ಆದರೆ ಮೈಸೂರಿನ ಮಂಡಿ ಮೊಹಲ್ಲಾದ ಗಲ್ಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಕಂಡವರಿಗೆ ಈ ಮಾತು ಅರ್ಧ ಸತ್ಯವೆನಿಸುತ್ತದೆ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ದಾರ, ಕತ್ತರಿ. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಗುತ್ತಿಗೆದಾರ ಕೆಲವನ್ನು ‘ಸರಿಯಿಲ್ಲ’ವೆಂದು ತೆಗೆದಿಟ್ಟರೆ ಅವುಗಳಿಗೆ ಕೂಲಿಯೂ ಇಲ್ಲ. ಇಂಥವಳು ಕೆಲಸ ನಿಲ್ಲಿಸಿದರೆ ಮೊದಲು ಆರುವುದು ಅವಳ ಮನೆಯ ಒಲೆ. ಅವಳು ಬಿಟ್ಟ ಎಲೆಗಾಗಿ ಪಕ್ಕದ ಮನೆಯಲ್ಲಿ ಇನ್ನೊಬ್ಬಳು ಕಾದಿರುತ್ತಾಳೆ.

ಮುಷ್ಕರಕ್ಕೆ ಹಸಿವೊಂದೇ ಸಾಲದು. ಕೆಲವು ದಿನ ತಾಳುವ ಶಕ್ತಿ, ಎಲ್ಲರೂ ಸೇರುವ ಜಾಗ ಬೇಕು. 1980ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್ ಮೊದಲಾದ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆಯಿತು. ಏರುತ್ತಿದ್ದ ಬೆಲೆಗಳು ಸಂಬಳವನ್ನು ತಿನ್ನುತ್ತಿದ್ದ ಕಾಲವದು. ಆದರೂ ಅವರು ನಾಡಿನ ಕಡುಬಡವರಲ್ಲ. ಕಾಯಂ ನೌಕರಿ, ಒಂದೇ ಗೇಟು, ಬಲವಾದ ಸಂಘ ಅವರಿಗಿದ್ದವು.

ಬೀಡಿಯ ಕತೆ ಬೇರೆ. 1966ರಲ್ಲಿ ಸಂಸತ್ತು ಬೀಡಿ ಕಾರ್ಮಿಕರಿಗಾಗಿ ಕಾಯಿದೆ ಮಾಡಿ, ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿಗೆ ತಂದಾಗ ಮಂಗಳೂರು ಗಣೇಶ್ ಬೀಡಿಯ ಮಾಲೀಕರು ಅಲ್ಲಿನ ಕೆಲಸ ನಿಲ್ಲಿಸಿದರು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಕೆಲಸ ಗಡಿ ದಾಟಿ, ಅಗ್ಗದ ಕೈಗಳಿದ್ದ ಕರ್ನಾಟಕದ ಮನೆಗಳತ್ತ ಬಂತು. ಒಂದು ಊರಿನ ಹಕ್ಕು ಇನ್ನೊಂದು ಊರಿನ ಬಡತನದೆದುರು ಸೋತಿತು. ಕೆಲಸ ಕಳೆದುಕೊಂಡವರು ಸುಮ್ಮನಿರಲಿಲ್ಲ. 1969ರ ಫೆಬ್ರವರಿಯಲ್ಲಿ ಸರ್ಕಾರದ ನೆರವಿನೊಡನೆ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಆರಂಭಿಸಿದರು. ದಶಕಗಳ ಕಾಲ ಒಂದೇ ಸೂರಿನಡಿ ಕೂತು ದುಡಿದ ಸಂಘಟಿತ ಕಾರ್ಮಿಕರು ಅವರು; ಆ ಒಗ್ಗಟ್ಟೇ ಅವರ ಬಂಡವಾಳವಾಗಿತ್ತು.

1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಕಾಯಿದೆ ಮನೆಯೊಳಗೆ ಬರಬೇಕಾದರೆ ದುಡಿಯುವವಳ ಹೆಸರು ಲೆಕ್ಕದ ಪುಸ್ತಕದಲ್ಲಿರಬೇಕು. ತಾಯಿಯ ಹೆಸರಿನ ಕಾರ್ಡಿಗೆ ಮಗಳೂ ಸೊಸೆಯೂ ಕಟ್ಟುವ ಮನೆಯಲ್ಲಿ ಹಕ್ಕು ಸಿಗುವುದು ಒಬ್ಬಳಿಗೆ. ಬೆನ್ನುನೋವು, ಕೆಮ್ಮು ಮೂವರಿಗೂ.

ನಮ್ಮ ಮೊಹಲ್ಲಾಗಳಲ್ಲಿ ಮುಷ್ಕರದ ಸದ್ದಿಲ್ಲವೆಂದು ಅಲ್ಲಿ ತೃಪ್ತಿಯಿದೆ ಎಂದುಕೊಳ್ಳಬಾರದು. ಕೆಲಸ ಬಿಡಲಾಗದಷ್ಟು ಬಡವರಾದವರ ಮೌನ ಅದು. ಅವರ ಪರವಾಗಿ ಮೊದಲು ಕೇಳಬೇಕಾದ್ದು ಕಟ್ಟುವ ಪ್ರತಿಯೊಬ್ಬಳ ಹೆಸರಿನಲ್ಲೂ ಒಂದು ಕಾರ್ಡು.