ಹೆಗಲ ಮೇಲೆ ಪುಸ್ತಕದ ಗಂಟು: ಸಂಬಳವಿಲ್ಲದ ಸಂಪಾದಕರ ಕಥೆ

ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ರೈಲುಹಾದಿಯಲ್ಲಿ ಸವಣೂರು ತಾಲ್ಲೂಕಿನ ಯಲವಿಗಿ ಒಂದು ಸಣ್ಣ ನಿಲ್ದಾಣ. ಕನ್ನಡ ಓದಿದ ಯುವಕನೊಬ್ಬ ಇಂದು ಇಂಥ ಊರಿನಲ್ಲೇ ಕುಳಿತು, ಬೆಂಗಳೂರಿನ ಪ್ರಕಾಶಕರ ಪುಸ್ತಕದ ಕರಡು ತಿದ್ದಿ ಕಂಪ್ಯೂಟರಿನಲ್ಲೇ ಕಳಿಸಬಹುದು. ಯಾವ ಕಚೇರಿಯ ಹಾಜರಿ ಪುಸ್ತಕದಲ್ಲೂ ಅವನ ಹೆಸರು ಇರಬೇಕಾಗಿಲ್ಲ. ಹೀಗೆ ನೌಕರಿಯಿಲ್ಲದೆ ಬರೆಯುವವರನ್ನು, ತಿದ್ದುವವರನ್ನು ಕನ್ನಡದಲ್ಲಿ ‘ಹವ್ಯಾಸಿ’ ಎಂದು ಕರೆಯುವ ರೂಢಿಯಿದೆ. ಹವ್ಯಾಸವೆಂದರೆ ಹೊತ್ತು ಕಳೆಯುವ ಅಭಿರುಚಿ. ಆದರೆ ಅದೇ ಅನ್ನದ ದಾರಿಯಾದಾಗ ಆ ಹೆಸರು ಎಷ್ಟು ಸರಿ? ಈ ಪ್ರಶ್ನೆಗೆ ಇದೇ ಸೀಮೆಯಲ್ಲಿ ಸುಮಾರು ನೂರು ವರ್ಷದ ಹಿಂದಿನ ಉತ್ತರವೊಂದಿದೆ.

ವೆಂಕಟೇಶ ತಿರಕೋ ಕುಲಕರ್ಣಿ ಹುಟ್ಟಿದ್ದು 1869ರಲ್ಲಿ, ಹಾವೇರಿ ಸೀಮೆಯ ಗಳಗನಾಥದಲ್ಲಿ. ಊರಿನ ಹೆಸರೇ ಮುಂದೆ ಅವರ ಹೆಸರಾಯಿತು. ಆರಂಭದಲ್ಲಿ ಅವರು ಶಾಲಾ ಶಿಕ್ಷಕರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದಲ್ಲಿ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಕನ್ನಡದಲ್ಲಿ ಬರೆಯುವವರಿಗಿಂತ ಮೊದಲು ಕನ್ನಡ ಓದುವವರನ್ನೇ ಹುಟ್ಟಿಸಬೇಕಾದ ಕಾಲ ಅದು. 1907ರಲ್ಲಿ ಹಾವೇರಿ ಸಮೀಪದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ನೌಕರಿ ಬಿಟ್ಟು ಪತ್ರಿಕೆಯ ಕೆಲಸಕ್ಕೆ ನಿಂತರು. ತಿಂಗಳ ಸಂಬಳದ ಜಾಗದಲ್ಲಿ ಓದುಗರ ವರ್ಗಣಿ ಬಂತು.

ವರ್ಗಣಿಯ ಲೆಕ್ಕ ಕೇಳಲು ಸರಳ. ಓದುಗ ವರ್ಷದ ಹಣವನ್ನು ಮುಂಗಡ ಕೊಡುತ್ತಾನೆ, ಸಂಪಾದಕ ಹನ್ನೆರಡು ಸಂಚಿಕೆ ಕಳಿಸುತ್ತಾನೆ. ಬಂದ ಹಣ ಮೊದಲ ತಿಂಗಳುಗಳಲ್ಲೇ ಕಾಗದಕ್ಕೆ, ಮೊಳೆ ಜೋಡಿಸುವವರ ಕೂಲಿಗೆ, ಟಪಾಲಿಗೆ ಕರಗಿದರೂ ಕೊನೆಯ ಸಂಚಿಕೆಯ ಹೊಣೆ ತಪ್ಪುವುದಿಲ್ಲ. ಹಣ ಮೊದಲು ಕಳಿಸಲು ಹಿಂದೆಗೆಯುವವರಿಗಾಗಿ 1877ರಿಂದ ವಿ.ಪಿ. ವ್ಯವಸ್ಥೆ ಇತ್ತು. ಅಂಚೆಯವ ಮನೆ ಬಾಗಿಲಲ್ಲಿ ಹಣ ಪಡೆದು ಕಟ್ಟು ಕೊಡುತ್ತಿದ್ದ. ಆದರೆ ಮನೆಯವರು ‘ಬೇಡ’ ಎಂದರೆ ಕಟ್ಟು ವಾಪಸು. ಹೋಗಿ ಬಂದ ಖರ್ಚು ಕಳಿಸಿದವನ ತಲೆಗೆ. 1880ರ ದಶಕದಲ್ಲಿ ಈ ಭಾಗಕ್ಕೆ ಬಂದ ರೈಲು ಟಪಾಲಿನ ದಾರಿಯನ್ನು ಹತ್ತಿರ ಮಾಡಿತ್ತು. ಹಣ ಬರುವ ದಾರಿ ಅಷ್ಟು ಹತ್ತಿರವಾಗಲಿಲ್ಲ.

ಓದುಗನನ್ನು ಹಿಡಿದಿಡಲು ಇದ್ದ ಬಲವಾದ ಉಪಾಯವೆಂದರೆ ಧಾರಾವಾಹಿ. ಕಥೆ ಅರ್ಧಕ್ಕೆ ನಿಂತರೆ ಮುಂದಿನ ಸಂಚಿಕೆಗೆ ಮನೆಮಂದಿಯೆಲ್ಲ ಕಾಯುತ್ತಾರೆ, ವರ್ಗಣಿಯೂ ಮುಂದುವರಿಯುತ್ತದೆ. ಗಳಗನಾಥರ ಕಾದಂಬರಿಗಳು ಪತ್ರಿಕೆಯ ಮೂಲಕ ಓದುಗರನ್ನು ತಲುಪಿದವು. ಮರಾಠಿಯ ಹರಿ ನಾರಾಯಣ ಆಪಟೆ ಅವರ ಐತಿಹಾಸಿಕ ಕಾದಂಬರಿಗಳನ್ನೂ ಅವರು ಕನ್ನಡಕ್ಕೆ ತಂದರು. ಮೈಸೂರು ಸೀಮೆಯಲ್ಲಿ ಬಂಗಾಳಿಯ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರದೂ ಇಂಥದೇ ಸಾಧನೆ. ಆದರೆ ವೆಂಕಟಾಚಾರ್ಯರು ಮುನ್ಸೀಫರಾಗಿ ಸರ್ಕಾರಿ ಸೇವೆಯಲ್ಲಿದ್ದವರು. ಗಳಗನಾಥರ ಬೆನ್ನಿಗೆ ಅಂಥ ಆಸರೆ ಇರಲಿಲ್ಲ. ಒಬ್ಬರಿಗೆ ಬರವಣಿಗೆ ಸಂಬಳದ ಜೊತೆಗಿನ ಕೆಲಸ, ಇನ್ನೊಬ್ಬರಿಗೆ ಅದೇ ಸಂಬಳ. ಸಾಹಿತ್ಯ ಚರಿತ್ರೆಯಲ್ಲಿ ಇಬ್ಬರ ಹೆಸರೂ ಅಕ್ಕಪಕ್ಕ ಬರುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ.

ಮುಂದೆ ಗಳಗನಾಥರು ‘ಸದ್ಗುರು’ ಎಂಬ ತಮ್ಮದೇ ಪತ್ರಿಕೆ ನಡೆಸಿದರು. ಆಗ ಸ್ವಾತಂತ್ರ್ಯವೂ ಅವರದೇ, ಮುದ್ರಣದ ಸಾಲವೂ ಅವರದೇ. ವಿಜಯನಗರ ಸ್ಥಾಪನೆಯ ಕಥೆ ಹೇಳುವ ಅವರ ದೊಡ್ಡ ಕಾದಂಬರಿ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬಂತು. ಪುಸ್ತಕಗಳ ಗಂಟು ಹೊತ್ತು ಅವರು ಊರೂರು ತಿರುಗಿ ಮಾರಿದರು. ಈ ಚಿತ್ರವನ್ನು ಕನ್ನಡಿಗರು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳಿಕೊಂಡು ಬಂದಿದ್ದಾರೆ. ಅದು ತ್ಯಾಗ ಹೌದು. ಅದರ ಜೊತೆಗೆ ವ್ಯವಹಾರದ ಒಂದು ಕಠಿಣ ಸತ್ಯವೂ ಅದರಲ್ಲಿದೆ. ತಾನೇ ಮಾರಿದರೆ ಅಂಗಡಿಯವನ ಕಮಿಷನ್ ಉಳಿಯುತ್ತದೆ, ಹಣ ಆಗಲೇ ಕೈಗೆ ಬರುತ್ತದೆ. ಆದರೆ ನಡೆದ ದಿನ ಬರೆಯುವ ದಿನವಲ್ಲ. ಬರೆಯುವುದು, ತಿದ್ದುವುದು, ಅಚ್ಚು ಹಾಕಿಸುವುದು, ಕಟ್ಟುವುದು, ಹೊರುವುದು, ವಸೂಲು ಮಾಡುವುದು ಎಲ್ಲ ಒಬ್ಬನದೇ ಆದಾಗ ಮೊದಲು ಸವೆಯುವುದು ಬರೆಯುವ ಹೊತ್ತು.

ಇದು ಅವರೊಬ್ಬರ ಕಷ್ಟವಾಗಿರಲಿಲ್ಲ. ಆಲೂರು ವೆಂಕಟರಾಯರು 1922ರಲ್ಲಿ ಧಾರವಾಡದಲ್ಲಿ ‘ಜಯ ಕರ್ನಾಟಕ’ ಆರಂಭಿಸಿದರು. ಏಕೀಕರಣದ ದನಿಯಾದ ಆ ಪತ್ರಿಕೆಗೂ ಹಣದ ಚಿಂತೆ ತಪ್ಪಲಿಲ್ಲ. ಇದಕ್ಕೆ ಒಂದು ಮಟ್ಟಿನ ಪರಿಹಾರ ಕಂಡದ್ದು 1933ರಲ್ಲಿ. ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮೊದಲೇ ಕೂಡಿಸಿ ಪುಸ್ತಕ ಒದಗಿಸುವ ಪದ್ಧತಿಯನ್ನು ಗಟ್ಟಿಯಾಗಿ ಬೆಳೆಸಿತು. ಮುಂದೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರ ನೆರವೂ ಅದಕ್ಕೆ ದೊರೆಯಿತು. ಆಯುವ, ತಿದ್ದುವ ಕೆಲಸಕ್ಕೆ ಹೀಗೆ ಹಲವರ ಕೈ ಸೇರಿದ್ದರಿಂದ ಇಡೀ ಹೊರೆ ಒಬ್ಬನ ಹೆಗಲ ಮೇಲೆ ಬೀಳಲಿಲ್ಲ.

ಗಳಗನಾಥರು 1942ರಲ್ಲಿ ತೀರಿಕೊಂಡರು. ‘ಕನ್ನಡ ಕಾದಂಬರಿಯ ಪಿತಾಮಹ’ ಎಂಬ ಬಿರುದು ಅವರ ಹೆಸರಿಗೆ ನಿಂತಿದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ನಡೆದಾಗ ಪುಸ್ತಕ ಮಳಿಗೆಗಳಿಗೆ ಓದುಗರೇ ನಡೆದು ಬಂದರು. ‘ಮಾಧವ ಕರುಣಾ ವಿಲಾಸ’ಕ್ಕೆ ಆಗ ಸರಿಯಾಗಿ ನೂರು ವರ್ಷ. ಓದುಗರಿದ್ದಲ್ಲಿಗೆ ಪುಸ್ತಕವೇ ನಡೆದುಹೋದ ಕಾಲದ ಫಲ ಅದು ಎನ್ನಬಹುದು.

ಇಂದು ಗಂಟು ಹೊರಬೇಕಾಗಿಲ್ಲ. ಆದರೂ ಕರಡು ತಿದ್ದಿ ಕಳಿಸಿದ ಮೇಲೆ ಹಣಕ್ಕೆ ಕಾಯುವುದು, ಕೆಲಸವಿಲ್ಲದ ತಿಂಗಳಿಗೆಂದು ಕೂಡಿಡುವುದು, ವಸೂಲಿಗೆ ಹೋಗುವ ಹೊತ್ತನ್ನು ಕೆಲಸದ ಹೊತ್ತಿನಿಂದ ಕಾಯ್ದುಕೊಳ್ಳುವುದು ಸ್ವತಂತ್ರವಾಗಿ ದುಡಿಯುವ ಸಂಪಾದಕನಿಗೆ ತಪ್ಪಿದ್ದಲ್ಲ. ಅಂಥವರಿಗೆ ಕೂಲಿ ಗೊತ್ತು ಮಾಡುವಾಗಲೂ ಕೊಡುವಾಗಲೂ ‘ಹವ್ಯಾಸಿ’ ಎಂಬ ಮಾತನ್ನು ಪಕ್ಕಕ್ಕಿಡುವುದು ಲೇಸು. ಗಳಗನಾಥರು ಹೊತ್ತದ್ದು ಹವ್ಯಾಸವನ್ನಲ್ಲ, ಸಂಸಾರವನ್ನು.